ಎಲೆಯ ಫೋಟೊ ಬಿಡಿ, ಕನಕಾಂಬರದ ಬೇರು ನೋಡಿ

ವಾರಕ್ಕೆ ಎರಡು ಸಲವಾದರೂ ನನ್ನ ಮೊಬೈಲಿಗೆ ಕನಕಾಂಬರದ ಫೋಟೊ ಬರುತ್ತೆ. ಹಳದಿ ತಿರುಗಿದ ನಾಲ್ಕು ಎಲೆ, ಕೆಳಗೆ ಒಂದೇ ಸಾಲು: "ಅಣ್ಣಾ, ಯಾವ ಔಷಧಿ ಹೊಡೀಲಿ?" ನಾನು ಕೊಡೋ ಉತ್ತರ ಯಾರಿಗೂ ಇಷ್ಟವಾಗಲ್ಲ. ಏನೂ ಹೊಡೀಬೇಡಪ್ಪಾ, ಮೊದಲು ಒಂದು ಗಿಡ ಬೇರು ಸಮೇತ ಕಿತ್ತು, ನೀರಲ್ಲಿ ತೊಳೆದು, ಬೇರಿನ ಫೋಟೊ ಕಳಿಸು ಅಂತೀನಿ. ಹೂ ಬಿಡ್ತಿರೋ ಗಿಡ ಕೀಳೋಕೆ ಮನಸ್ಸು ಬರಲ್ಲ, ನಿಜ. ನನಗೂ ಬಂದಿರಲಿಲ್ಲ. ಅದಕ್ಕೇ ಹತ್ತು ಗುಂಟೆ ಕಳ್ಕೊಂಡೆ.

ನಮ್ಮ ಜಮೀನು ಕೋಲಾರದ ಕಡೆ. ಮೂರು ವರ್ಷ ಬಿಡದೆ ಟೊಮೆಟೊ ಹಾಕಿದ್ದ ತಾಕಿಗೆ ಡೆಲ್ಲಿ ಕನಕಾಂಬರ ನೆಟ್ಟೆ. ಈ ಜಾತಿ ಬೀಜ ಕಟ್ಟಲ್ಲ, ಕಡ್ಡಿಯಿಂದಲೇ ಸಸಿ ಮಾಡಬೇಕು. ಸಸಿ ತಂದಾಗ ಎಲೆ ಎಷ್ಟು ಹಸಿರಾಗಿದೆ ಅಂತ ನೋಡಿದೆನೇ ಹೊರತು ಬೇರು ನೋಡಲಿಲ್ಲ. ಮೂರನೇ ತಿಂಗಳಿಗೆ ಹೂ ಶುರುವಾಯ್ತು. ಒಂದು ದಿನ ಬಿಟ್ಟು ಒಂದು ದಿನ ಬೆಳಗಿನ ಜಾವ ಅಮ್ಮ ಹೂ ಬಿಡಿಸೋರು. ಮನೆ ದಿನಸಿ, ತಂಗಿಯ ಬಸ್ ಪಾಸು ಎಲ್ಲಾ ಆ ದುಡ್ಡಲ್ಲೇ ನಡೀತಿತ್ತು.

ಎಂಟನೇ ತಿಂಗಳಿಗೆ ಅಲ್ಲಲ್ಲಿ ಗಿಡ ಕುಗ್ಗಿತು. ಎಲೆ ಹಳದಿ, ಹೂತೆನೆ ಗಿಡ್ಡ, ಮಧ್ಯಾಹ್ನ ಬಾಡಿ ಸಂಜೆಗೆ ಮತ್ತೆ ಚೇತರಿಸಿಕೊಳ್ಳೋದು. ಗೊಬ್ಬರದಂಗಡಿಯವರು ಫೋಟೊ ನೋಡಿ ಕಬ್ಬಿಣದ ಕೊರತೆ ಅಂದರು. ಹೊಡೆದೆ. ಆಮೇಲೆ 19:19:19, ಆಮೇಲೆ ಶಿಲೀಂಧ್ರನಾಶಕ. ಕೊನೆಗೆ ಸತ್ತ ಗಿಡಾನ ಒಲೆಗೆ ಹಾಕೋಕೆ ಅಂತ ಕಿತ್ತಿದ್ದು ಅಮ್ಮ. "ಇದೇನೋ, ಬೇರಿಗೆ ಸಾಸಿವೆ ಪೋಣಿಸಿದಂಗೈತೆ" ಅಂದರು.

ಅದು ಬೇರುಗಂಟು ಜಂತುಹುಳು, ನೆಮಟೋಡ್. ಹುಳ ಕಣ್ಣಿಗೆ ಕಾಣಲ್ಲ, ಅದು ಹೊಕ್ಕ ಜಾಗದಲ್ಲಿ ಬೇರು ಊದಿ ಗಂಟಾಗೋದು ಮಾತ್ರ ಕಾಣುತ್ತೆ. ಕಡಲೆಕಾಯಿ ಬೇರಲ್ಲೂ ಗಂಟಿರುತ್ತಲ್ಲ ಅನ್ನಬೇಡಿ. ಅದು ಸಾರಜನಕ ಕೂಡಿಸೋ ಗಂಟು, ಬೆರಳಲ್ಲಿ ಉಜ್ಜಿದರೆ ಉದುರುತ್ತೆ. ಇದು ಬೇರಿನದೇ ಊತ, ಉದುರಲ್ಲ. ಇನ್ನೊಂದು ಜಾತಿಯ ಜಂತುಹುಳು ಗಂಟು ಕಟ್ಟಲ್ಲ, ಬೇರನ್ನ ಕಪ್ಪು ಮಾಡಿ ಮೊಂಡು ಮಾಡುತ್ತೆ. ಹುಳ ಮಾಡಿದ ಗಾಯದಲ್ಲಿ ಸೊರಗು ರೋಗದ ಶಿಲೀಂಧ್ರ ಸೇರಿಕೊಂಡರೆ ಗಿಡದ ಕಥೆ ಮುಗೀತು. ಟೊಮೆಟೊ, ಬದನೆ, ಬೆಂಡೆ ಎಲ್ಲವೂ ಈ ಗಂಟುಹುಳಕ್ಕೆ ಊಟವೇ. ಅಂದರೆ ಮೂರು ವರ್ಷ ಅದನ್ನ ಸಾಕಿದ್ದು ನಾನೇ.

ಕಬ್ಬಿಣದ ಕೊರತೆಗೂ ಎಲೆ ಹಳದಿ, ನೀರು ನಿಂತರೂ ಹಳದಿ, ಜಂತುಹುಳಕ್ಕೂ ಹಳದಿ. ಎಲೆಯ ಫೋಟೊ ನೋಡಿ ಹೇಳೋರು ಅಂದಾಜು ಹೊಡೀತಾರೆ, ದುಡ್ಡು ಹೋಗೋದು ನಮ್ಮದು. ಕೆಲವರು ಇವತ್ತಿಗೂ ಹಳೇ ಫೋರೇಟ್ ಹುಡುಕ್ತಾರೆ. ಅದು 2020ರ ಕೊನೆಗೇ ನಮ್ಮ ದೇಶದಲ್ಲಿ ನಿಷೇಧವಾಗಿದೆ. ಅಲ್ಲದೆ ಇದು ಹೆಣ್ಣುಮಕ್ಕಳು ಮುಡಿಯೋ ಹೂ. ದಿನಾ ಬರಿಗೈಲಿ ಬಿಡಿಸೋರು, ಕಟ್ಟೋರು ನಮ್ಮ ಮನೆಯವರೇ.

ಒಮ್ಮೆ ತೋಟ ಹೊಕ್ಕ ಹುಳಾನ ಪೂರ್ತಿ ತೊಲಗಿಸೋಕೆ ಆಗಲ್ಲ, ಕಡಿಮೆ ಮಾಡಬಹುದು ಅಷ್ಟೆ. ಹಾಗಾಗಿ ಕೆಲಸ ಇರೋದು ನಾಟಿಗೆ ಮುಂಚೆ. ನಾನು ಏಪ್ರಿಲ್‌ನಲ್ಲಿ ಆಳವಾಗಿ ಉಳುಮೆ ಮಾಡಿ, ನೀರು ಹಾಯಿಸಿ, ಬಿಳಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣೆಳೆದು ಐದು ವಾರ ಬಿಟ್ಟೆ. ಕಪ್ಪು ಹಾಳೆಯಲ್ಲಿ ಮಣ್ಣು ಅಷ್ಟು ಕಾಯಲ್ಲ. ಮಳೆ ಬಿದ್ದ ಮೇಲೆ ಒಂದು ಬೆಳೆ ಚೆಂಡುಹೂ ಹಾಕಿದೆ. ಅದರ ಬೇರು ಈ ಹುಳಾನ ತಗ್ಗಿಸುತ್ತೆ, ದಸರಾಕ್ಕೆ ನಾಲ್ಕು ಕಾಸೂ ಬಂತು. ಆಮೇಲೆ ಗುಂಟೆಗೆ 5 ಕೆಜಿ ಬೇವಿನ ಹಿಂಡಿಯನ್ನ ಕೊಟ್ಟಿಗೆ ಗೊಬ್ಬರ, ಟ್ರೈಕೋಡರ್ಮಾ ಜೊತೆ ಕಲಸಿ, ನೆರಳಲ್ಲಿ ಎರಡು ವಾರ ತೇವ ಆರದಂತೆ ಇಟ್ಟು ಸಾಲಿಗೆ ಕೊಟ್ಟೆ.

ಇಷ್ಟಕ್ಕೆ ಒಂದು ಹಂಗಾಮು ಕನಕಾಂಬರ ಇಲ್ಲದೆ ಕಳೀಬೇಕು. ವರಮಹಾಲಕ್ಷ್ಮಿ ಹಬ್ಬದ ರೇಟು ವಾಟ್ಸಾಪಲ್ಲಿ ಓಡಾಡುವಾಗ ಹೊಟ್ಟೆ ಉರಿಯುತ್ತೆ. ಆದರೂ ಕಾಯಿರಿ ಅಂತಲೇ ಹೇಳ್ತೀನಿ.

ಈ ಸಲ ಸಸಿ ತರೋಕೆ ಅಮ್ಮನೂ ಬಂದಿದ್ದರು. ನರ್ಸರಿಯವರು ಬೇಡ ಬೇಡ ಅಂದರೂ ಕೇಳದೆ ಐದು ಸಸಿ ಕವರ್ ಹರಿದು, ಬೇರು ತೊಳೆದು ಬಿಸಿಲಿಗೆ ಹಿಡಿದು ನೋಡಿದರು. ಆ ಐದರ ದುಡ್ಡೂ ಕೊಟ್ಟೇ ಬಂದ್ವಿ.