ಹೊಸ ಗೇಮ್ ಕನ್ಸೋಲ್‌ಗಳ ಕೊರತೆ: ಕೃತಕ ಅಭಾವವೋ, ವ್ಯವಹಾರದ ಲೆಕ್ಕಾಚಾರವೋ?

ಪೇಟೆಯಲ್ಲಿ ಯಾವುದೇ ಸರಕು ದೊರೆಯದಿದ್ದಾಗ ಮೊದಲು ಕೇಳಿಬರುವ ಮಾತು ‘ಕೃತಕ ಅಭಾವ’. ಸಕ್ಕರೆ, ಈರುಳ್ಳಿ, ಸಿಮೆಂಟುಗಳ ವಿಷಯದಲ್ಲಿ ವರ್ತಕರು ಪದೇ ಪದೇ ಕೇಳುತ್ತ ಬಂದಿರುವ ಈ ಆರೋಪದಿಂದ ಎಲೆಕ್ಟ್ರಾನಿಕ್ಸ್ ಉದ್ಯಮದ ದೈತ್ಯ ಕಂಪನಿಗಳೂ ಹೊರತಾಗಿಲ್ಲ. ಟಿ.ವಿ.ಗೆ ಜೋಡಿಸಿ ಆಟವಾಡುವ ಗೇಮ್ ಕನ್ಸೋಲ್ ಹೊಸದಾಗಿ ಬಿಡುಗಡೆಯಾದಾಗಲೆಲ್ಲ ಮಳಿಗೆಗಳು ಬರಿದಾಗುತ್ತವೆ, ಮರುಮಾರಾಟದ ಬೆಲೆ ಗಗನಕ್ಕೇರುತ್ತದೆ. 2000ದಲ್ಲಿ ಸೋನಿಯ ಪ್ಲೇಸ್ಟೇಷನ್ 2, 2005ರಲ್ಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360, 2006ರಲ್ಲಿ ನಿಂಟೆಂಡೊದ ವೀ, 2020ರಲ್ಲಿ ಪ್ಲೇಸ್ಟೇಷನ್ 5 – ಎಲ್ಲವುಗಳ ಕಥೆಯೂ ಒಂದೇ. ಭಾರತದಲ್ಲಿ ಪ್ಲೇಸ್ಟೇಷನ್ 5 ಬಿಡುಗಡೆಯಾದದ್ದು 2021ರ ಫೆಬ್ರವರಿ 2ರಂದು. 49,990 ರೂಪಾಯಿ ಬೆಲೆಯ ಈ ಸಾಧನಕ್ಕೆ ಜನವರಿಯಲ್ಲಿ ಮುಂಗಡ ಬುಕಿಂಗ್ ಆರಂಭವಾದಾಗ ದಾಸ್ತಾನು ಕೆಲವೇ ನಿಮಿಷಗಳಲ್ಲಿ ಮುಗಿದುಹೋಯಿತು. ಕಂಪನಿಗಳು ಬೇಕೆಂದೇ ಸರಕನ್ನು ತಡೆಹಿಡಿಯುತ್ತವೆಯೇ?

ಅನುಮಾನದ ಮೂಲ

ಅನುಮಾನ ನಿರಾಧಾರವಾದುದಲ್ಲ. ಮಳಿಗೆಯ ಮುಂದಿನ ಸಾಲು ಪತ್ರಿಕೆಗಳಲ್ಲಿ ಸುದ್ದಿಯಾದರೆ ಅದು ಕಂಪನಿಗೆ ಖರ್ಚಿಲ್ಲದ ಜಾಹೀರಾತು. ಈ ಉದ್ಯಮಕ್ಕೆ ಅತಿ ಪೂರೈಕೆಯ ಭಯವೂ ಇದೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಅಟಾರಿ ಕಂಪನಿಯು ಬೇಡಿಕೆಯನ್ನು ಮೀರಿ ಗೇಮ್ ಕಾರ್ಟ್ರಿಜ್‌ಗಳನ್ನು ತಯಾರಿಸಿತು. ಮಾರಾಟವಾಗದ ಸರಕನ್ನು 1983ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯದ ಅಲಮಗೋರ್ಡೊ ಎಂಬಲ್ಲಿ ಗುಂಡಿ ತೋಡಿ ಹೂಳಬೇಕಾಯಿತು. ಆನಂತರ ಮಾರುಕಟ್ಟೆಯನ್ನು ಪುನಃ ಕಟ್ಟಿದ ನಿಂಟೆಂಡೊ ಪೂರೈಕೆಯನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡಿತು. 1989ರಲ್ಲಿ ಅಮೆರಿಕದ ಸಂಸತ್ ಸದಸ್ಯ ಡೆನಿಸ್ ಎಕಾರ್ಟ್ ಅವರು ಈ ಕಂಪನಿಯ ವ್ಯವಹಾರ ಪದ್ಧತಿಯ ಬಗ್ಗೆ ತನಿಖೆಯಾಗಬೇಕೆಂದು ಅಲ್ಲಿನ ನ್ಯಾಯ ಇಲಾಖೆಯನ್ನು ಕೋರಿದರು. ಆದರೆ 1991ರಲ್ಲಿ ಸರ್ಕಾರದೊಡನೆ ಕಂಪನಿ ಮಾಡಿಕೊಂಡ ರಾಜಿಯು ಚಿಲ್ಲರೆ ಬೆಲೆಯ ನಿಯಂತ್ರಣಕ್ಕೆ ಸಂಬಂಧಿಸಿದ್ದೇ ಹೊರತು ಪೂರೈಕೆಗೆ ಸಂಬಂಧಿಸಿದ್ದಾಗಿರಲಿಲ್ಲ.

ಲೆಕ್ಕಪತ್ರ ಹೇಳುವುದೇನು?

ಅಭಾವದಿಂದ ಲಾಭ ಯಾರಿಗೆ ಎಂದು ಪರಿಶೀಲಿಸಿದರೆ ಆರೋಪದ ಬಲ ಕುಂದುತ್ತದೆ. ಸಕ್ಕರೆಯನ್ನು ಬಚ್ಚಿಟ್ಟವನಿಗೆ ಏರಿದ ಬೆಲೆಯೇ ಲಾಭ. ಕನ್ಸೋಲ್ ಕಂಪನಿಯು ಬೆಲೆಯನ್ನು ಮೊದಲೇ ಘೋಷಿಸಿರುತ್ತದೆ. ಅಭಾವವೆಂದು ಅದನ್ನು ಏರಿಸುವುದಿಲ್ಲ. ಮೇಲಿನ ಹಣವೆಲ್ಲ ಸಾಲಿನಲ್ಲಿ ಮೊದಲು ನಿಂತು ಕೊಂಡು ಮಾರುವ ಕಾಳಸಂತೆಯವನ ಪಾಲಾಗುತ್ತದೆ.

ಅದಲ್ಲದೆ ಈ ವ್ಯವಹಾರದ ಲಾಭವಿರುವುದು ಪೆಟ್ಟಿಗೆಯಲ್ಲಲ್ಲ, ಅದರಲ್ಲಿ ಆಡುವ ಗೇಮ್‌ಗಳಲ್ಲಿ. 2006ರಲ್ಲಿ ಪ್ಲೇಸ್ಟೇಷನ್ 3ರ ಬಿಡಿಭಾಗಗಳನ್ನು ಬಿಚ್ಚಿ ಪರಿಶೀಲಿಸಿದ ಐಸಪ್ಲೈ ಸಂಸ್ಥೆಯು 499 ಡಾಲರಿನ ಮಾದರಿಗೆ ತಗಲುವ ವೆಚ್ಚವನ್ನು 800 ಡಾಲರಿಗೂ ಹೆಚ್ಚೆಂದು ಅಂದಾಜು ಮಾಡಿತ್ತು. ಈ ನಷ್ಟವನ್ನು ಪ್ರತಿ ಗೇಮ್ ಮಾರಾಟದಿಂದ ಬರುವ ಆದಾಯದಲ್ಲಿ ತುಂಬಿಕೊಳ್ಳಬೇಕು. ಕನ್ಸೋಲ್ ಮನೆ ಸೇರದಿದ್ದರೆ ಗೇಮ್ ಮಾರಾಟವೂ ಇಲ್ಲ.

ಇದಕ್ಕೊಂದು ಪ್ರತಿವಾದವುಂಟು. ಆರಂಭದಲ್ಲಿ ಪ್ರತಿ ಪೆಟ್ಟಿಗೆಗೂ ನಷ್ಟವಾಗುವುದಾದರೆ, ವೆಚ್ಚ ಇಳಿಯುವವರೆಗೆ ಕಡಮೆ ಮಾರುವುದೇ ಲೇಸಲ್ಲವೇ? ವಾದ ತರ್ಕಬದ್ಧವಾದುದೇ. ಆದರೆ ಸಾಧನದ ಸಂಖ್ಯೆ ಬೆಳೆಯದೆ ಗೇಮ್ ತಯಾರಕರು ಬಂಡವಾಳ ಹೂಡುವುದಿಲ್ಲ. ಕಾದು ಬೇಸತ್ತ ಗ್ರಾಹಕ ಪ್ರತಿಸ್ಪರ್ಧಿಯ ಬಳಿಗೆ ಹೋಗುತ್ತಾನೆ. ನಷ್ಟವಿಲ್ಲದೆ ಮಾರಾಟವಾಗುತ್ತಿತ್ತೆನ್ನಲಾದ ವೀ ಕನ್ಸೋಲಿನ ವಿಷಯಕ್ಕೆ ಈ ವಾದ ಅನ್ವಯಿಸುವುದೂ ಇಲ್ಲ. ನಿಂಟೆಂಡೊ ಅದರ ತಯಾರಿಕೆಯನ್ನು 2007ರಲ್ಲಿ ತಿಂಗಳಿಗೆ 18 ಲಕ್ಷಕ್ಕೂ, 2008ರಲ್ಲಿ 24 ಲಕ್ಷಕ್ಕೂ ಏರಿಸಿತು. ಸರಕನ್ನು ಬೇಕೆಂದೇ ತಡೆದಿಡುವ ಕಂಪನಿ ಹೀಗೆ ಮಾಡುವುದಿಲ್ಲ.

ಬಿಡಿಭಾಗಗಳ ಕೊರತೆಯೂ ವಾಸ್ತವವೇ. ಪ್ಲೇಸ್ಟೇಷನ್ 2ರ ಅಮೆರಿಕದ ಆರಂಭಿಕ ಪೂರೈಕೆಯನ್ನು ಸೋನಿಯು 10 ಲಕ್ಷದಿಂದ 5 ಲಕ್ಷಕ್ಕೆ ಇಳಿಸಿದ್ದು ಈ ಕಾರಣದಿಂದಲೇ. ನೀಲಿ ಲೇಸರ್ ಡಯೋಡುಗಳು ಸಾಲದೆ ಪ್ಲೇಸ್ಟೇಷನ್ 3ರ ಯೂರೋಪಿನ ಬಿಡುಗಡೆ 2007ರ ಮಾರ್ಚ್‌ಗೆ ಮುಂದೂಡಲ್ಪಟ್ಟಿತು. 2020ರ ನಂತರದ ಚಿಪ್ ಕೊರತೆಯ ಬಿಸಿ ಕಾರು ತಯಾರಕರಿಗೂ ತಟ್ಟಿತು.

ಉದ್ದೇಶಪೂರ್ವಕವಾದುದು ಯಾವುದು?

ಹಾಗೆಂದು ಕಂಪನಿಗಳು ಸಂಪೂರ್ಣ ನಿರ್ದೋಷಿಗಳಲ್ಲ. ಅವು ಸರಕನ್ನು ಬಚ್ಚಿಡುವುದಿಲ್ಲ. ಆದರೆ ಸರಕು ಸಾಲದೆಂದು ತಿಳಿದೂ ಬಿಡುಗಡೆಯ ದಿನಾಂಕವನ್ನು ಗೊತ್ತುಮಾಡುತ್ತವೆ. ವರ್ಷಾಂತ್ಯದ ಹಬ್ಬದ ವ್ಯಾಪಾರ ಮತ್ತು ಪ್ರತಿಸ್ಪರ್ಧಿಗಿಂತ ಮೊದಲು ಪೇಟೆಗೆ ಬರುವ ತವಕ ಇದಕ್ಕೆ ಕಾರಣ. ಎಕ್ಸ್‌ಬಾಕ್ಸ್ 360 ಅನ್ನು ಮೈಕ್ರೋಸಾಫ್ಟ್ 2005ರ ನವೆಂಬರ್ 22ರಿಂದ ಡಿಸೆಂಬರ್ 10ರೊಳಗೆ ಉತ್ತರ ಅಮೆರಿಕ, ಯೂರೋಪ್ ಮತ್ತು ಜಪಾನುಗಳಲ್ಲಿ ಬಿಡುಗಡೆ ಮಾಡಿತು. ಇದ್ದ ಸರಕು ಮೂರು ಭಾಗವಾಗಿ ಉತ್ತರ ಅಮೆರಿಕ ಮತ್ತು ಯೂರೋಪಿನಲ್ಲಿ ಕೊರತೆ ಉಂಟಾಯಿತು. ಮುಂದೆ ಅದೇ ಯಂತ್ರದ ದೋಷಗಳಿಗಾಗಿ ವಾರಂಟಿಯನ್ನು ವಿಸ್ತರಿಸಿ, 2007ರಲ್ಲಿ ಕಂಪನಿಯು 100 ಕೋಟಿ ಡಾಲರಿಗೂ ಮೀರಿದ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಆರೋಪಕ್ಕೆ ಅತ್ಯಂತ ಸಮೀಪದ ನಿದರ್ಶನ ನಿಂಟೆಂಡೊದ ಎನ್‌ಇಎಸ್ ಕ್ಲಾಸಿಕ್. 2016ರ ನವೆಂಬರಿನಲ್ಲಿ ಬಂದ ಈ ಚಿಕ್ಕ ಸಾಧನದ ತಯಾರಿಕೆಯನ್ನು, ಬೇಡಿಕೆ ಇನ್ನೂ ಇದ್ದಾಗಲೇ, 2017ರ ಏಪ್ರಿಲಿನಲ್ಲಿ ನಿಲ್ಲಿಸಲಾಯಿತು. 2018ರ ಜೂನ್‌ನಲ್ಲಿ ಮತ್ತೆ ಮಾರುಕಟ್ಟೆಗೆ ತರಲಾಯಿತು.

ಮನಸ್ಸು ಮಾಡಿದರೆ ಪರಿಹಾರವೂ ಸಾಧ್ಯ. 2025ರ ಜೂನ್ 5ರಂದು ಸ್ವಿಚ್ 2 ಬಿಡುಗಡೆಯಾಗುವ ಮುನ್ನ ಜಪಾನಿನಲ್ಲಿ ನಿಂಟೆಂಡೊದ ಸ್ವಂತ ಮಳಿಗೆಯ ಲಾಟರಿಗೆ ಸುಮಾರು 22 ಲಕ್ಷ ಅರ್ಜಿಗಳು ಬಂದವು. ಹಳೆಯ ಸಾಧನದಲ್ಲಿ 50 ಗಂಟೆಗೂ ಹೆಚ್ಚು ಆಡಿದ ದಾಖಲೆಯುಳ್ಳವರಿಗೆ ಮಾತ್ರ ಅವಕಾಶವೆಂಬ ನಿಯಮದಿಂದ ಮರುಮಾರಾಟಗಾರರಿಗೆ ತಡೆಯೊಡ್ಡಲಾಯಿತು. ಬೇಡಿಕೆಯೆಲ್ಲ ಪೂರೈಕೆಯಾಗಲಿಲ್ಲವಾದರೂ ಮೊದಲ ನಾಲ್ಕು ದಿನಗಳಲ್ಲೇ ಜಗತ್ತಿನಾದ್ಯಂತ 35 ಲಕ್ಷ ಸಾಧನಗಳು ಮಾರಾಟವಾದವು.

ವರ್ತಕರಿಗೆ ಪಾಠ

ಕನ್ಸೋಲ್ ಮಾರದ ವರ್ತಕರಿಗೂ ಈ ವಿಷಯ ಪ್ರಸ್ತುತವೇ. ಮೊಬೈಲ್, ವಾಹನ, ಗೃಹೋಪಕರಣಗಳ ಡೀಲರುಗಳಿಗೂ ಇದೇ ಪರಿಸ್ಥಿತಿ ಎದುರಾಗುತ್ತದೆ. ಕೊರತೆಯ ಪ್ರಚಾರಲಾಭ ಕಂಪನಿಗೆ. ಗ್ರಾಹಕರ ನಿಷ್ಠುರ ಮಾತ್ರ ಅಂಗಡಿಯವನಿಗೆ. ಆದ್ದರಿಂದ ತನಗೆ ಎಷ್ಟು ಸರಕು ಹಂಚಿಕೆಯಾಗಿದೆ ಎಂಬುದನ್ನು ಲಿಖಿತವಾಗಿ ಪಡೆಯದೆ ಗ್ರಾಹಕರಿಂದ ಮುಂಗಡ ಪಡೆಯುವುದು ಸಲ್ಲದು. ಹತ್ತು ಬೇಕಾದಾಗ ಮೂವತ್ತಕ್ಕೆ ಆರ್ಡರ್ ಕೊಡುವ ಅಭ್ಯಾಸವೂ ಅಪಾಯಕಾರಿ. ಇಂತಹ ಉಬ್ಬಿದ ಆರ್ಡರುಗಳನ್ನು ನಂಬಿ ಸರಕು ಪೇರಿಸಿಕೊಂಡ ಅಮೆರಿಕದ ಸಿಸ್ಕೊ ಕಂಪನಿ 2001ರಲ್ಲಿ 200 ಕೋಟಿ ಡಾಲರಿಗೂ ಹೆಚ್ಚಿನ ದಾಸ್ತಾನನ್ನು ನಷ್ಟವೆಂದು ತೋರಿಸಬೇಕಾಯಿತು.

ಕಾನೂನಿನ ಅರಿವೂ ಅಗತ್ಯ. ಪ್ರಬಲ ಸ್ಥಾನದಲ್ಲಿರುವ ಸಂಸ್ಥೆ ಉತ್ಪಾದನೆಯನ್ನು ಮಿತಗೊಳಿಸುವುದು 2002ರ ಸ್ಪರ್ಧಾ ಕಾಯ್ದೆಯ 4ನೆಯ ಪ್ರಕರಣದಡಿ ಸ್ಥಾನದ ದುರುಪಯೋಗವೆನಿಸಬಹುದು. ಒಂದು ಸರಕಿಗಾಗಿ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತು ಸ್ಪರ್ಧೆಗೆ ಗಣನೀಯ ಧಕ್ಕೆ ತಂದರೆ 3ನೆಯ ಪ್ರಕರಣದ ವ್ಯಾಪ್ತಿಗೆ ಬರುತ್ತದೆ. ಆದರೆ ಕೊರತೆಯಿದೆ ಎಂಬುದಷ್ಟೇ ಅಪರಾಧಕ್ಕೆ ಸಾಕ್ಷಿಯಾಗದು.

ಸಣ್ಣ ತಯಾರಕರು ಈ ದೈತ್ಯರ ದಾರಿಯನ್ನು ಅನುಸರಿಸುವಂತಿಲ್ಲ. ಸೋನಿಯ ಗ್ರಾಹಕ ಒಂದು ವರ್ಷ ಕಾದಾನು. ಪೀಣ್ಯದ ಪಂಪು ತಯಾರಕನ ಗ್ರಾಹಕ ಒಂದು ವಾರವೂ ಕಾಯಲಾರ. ಸಾಕಷ್ಟು ದಾಸ್ತಾನು ಸಿದ್ಧವಾದ ಮೇಲೆಯೇ ದಿನಾಂಕ ಘೋಷಿಸುವುದು ಅಂಥವರ ಪಾಲಿಗೆ ವಿವೇಕದ ಮಾರ್ಗ.