ದನಿ ಕೊಟ್ಟವರ ಹೆಸರು ಹಾಕಿ

2008ರ ಏಪ್ರಿಲ್ ಕೊನೆಗೆ ‘ಗ್ರ್ಯಾಂಡ್ ಥೆಫ್ಟ್ ಆಟೊ 4’ ಎಂಬ ವಿಡಿಯೊ ಗೇಮ್ ಮಾರುಕಟ್ಟೆಗೆ ಬಂದಾಗ ಮೊದಲ ವಾರದಲ್ಲೇ ಸುಮಾರು 50 ಕೋಟಿ ಡಾಲರ್ ವ್ಯಾಪಾರವಾಯಿತು. ಅದರ ನಾಯಕ ನಿಕೊ ಬೆಲಿಕ್, ಯುದ್ಧ ಕಂಡು ಬೇಸತ್ತು ಪೂರ್ವ ಯುರೋಪಿನಿಂದ ಹಡಗಿನಲ್ಲಿ ಅಮೆರಿಕಕ್ಕೆ ಬಂದಿಳಿಯುವವನು. ಆ ಆಟ ಆಡಿದವರನ್ನು ಕೇಳಿ ನೋಡಿ, ಅವನ ಒರಟು, ದಣಿದ ಮಾತಿನ ಧಾಟಿ ಇನ್ನೂ ಕಿವಿಯಲ್ಲಿದೆ ಅನ್ನುತ್ತಾರೆ. ಆ ದನಿ ಮೈಕಲ್ ಹಾಲಿಕ್ ಎಂಬ ನಟನದು. ಹದಿನೈದು ತಿಂಗಳ ಅವಧಿಯ ಕೆಲಸಕ್ಕೆ ಅವರಿಗೆ ಸಿಕ್ಕಿದ್ದು ಸುಮಾರು 1 ಲಕ್ಷ ಡಾಲರ್. ಆಗಿನ ಕಲಾವಿದರ ಸಂಘದ ದರಕ್ಕೆ ಹೋಲಿಸಿದರೆ ಅದು ಕಡಿಮೆಯಲ್ಲ, ಹೆಚ್ಚೇ. ಆದರೆ ಲೆಕ್ಕ ಅಲ್ಲಿಗೆ ಚುಕ್ತಾ. ಆಟ ಎಷ್ಟು ಕೋಟಿ ಪ್ರತಿ ಮಾರಾಟವಾದರೂ, ಎಷ್ಟು ವರ್ಷ ಓಡಿದರೂ, ಆಮೇಲೆ ಒಂದು ಕಾಸೂ ಇಲ್ಲ.

ಹಾಲಿಕ್ ಕಂಪನಿಯನ್ನು ಅಷ್ಟಾಗಿ ದೂರಲಿಲ್ಲ. ತಮ್ಮದೇ ಸಂಘ ಮಾಡಿಕೊಂಡಿದ್ದ ಒಪ್ಪಂದವನ್ನು ದೂರಿದರು. ಅದು ನ್ಯಾಯವಾದ ಮಾತು. ಅಮೆರಿಕದಲ್ಲಿ 1960ರ ಮುಷ್ಕರದಿಂದ ಸಿನಿಮಾ ನಟರು ಮರುಪ್ರಸಾರದ ಪಾಲನ್ನು ಹೋರಾಡಿ ಪಡೆದಿದ್ದರು. ಚಿತ್ರ ಟಿ.ವಿ.ಯಲ್ಲಿ ಮತ್ತೆ ಬಂದರೆ ನಟನ ಮನೆಗೆ ಚೆಕ್ ಬರುತ್ತದೆ. ಅದೇ ನಟ ಅದೇ ಗಂಟಲಿನಿಂದ ಗೇಮ್‌ಗೆ ಮಾತಾಡಿದರೆ ಬರುವುದಿಲ್ಲ. ಹೊಸ ಮಾಧ್ಯಮ ಹುಟ್ಟಿದಾಗ ಹಳೆಯ ಹಕ್ಕು ತಾನಾಗಿ ಜೊತೆಗೆ ನಡೆದು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಗೇಮ್‌ಗೆ ದನಿ ಕೊಡುವುದೆಂದರೆ ಕೂತು ಸಂಭಾಷಣೆ ಓದುವುದು ಎಂದು ನಮ್ಮಲ್ಲಿ ಬಹಳ ಮಂದಿ ಅಂದುಕೊಂಡಿದ್ದಾರೆ. ಸಿನಿಮಾದ ಕಥೆಗೆ ಒಂದೇ ದಾರಿ. ಗೇಮ್‌ನಲ್ಲಿ ಆಡುವವನು ಎತ್ತ ತಿರುಗಿದರೂ ಅತ್ತ ಒಂದು ಮಾತು ಸಿದ್ಧವಿರಬೇಕು. ಹೀಗಾಗಿ ಕಲಾವಿದರ ಮುಂದಿರುವುದು ಹೆಚ್ಚಾಗಿ ಎಕ್ಸೆಲ್ ಹಾಳೆ. ಸಾಲು ಸಾಲು ಮಾತು, ಪಕ್ಕದಲ್ಲಿ ಫೈಲಿನ ಹೆಸರು, ಅದರಾಚೆ ಸನ್ನಿವೇಶದ ಬಗ್ಗೆ ನಾಲ್ಕು ಪದ. ಎದುರಿಗೆ ಸಹನಟರಿಲ್ಲ. ಎಷ್ಟೋ ಸಲ ಆಟದ ನಿಜವಾದ ಹೆಸರೂ ಹೇಳಿರುವುದಿಲ್ಲ, ಗುಟ್ಟು ಕಾಯಲು ಇಟ್ಟ ಬೇರೊಂದು ಹೆಸರು ಮಾತ್ರ ಗೊತ್ತು. ಒಂದೇ ಸಾಲನ್ನು ಎರಡು ಮೂರು ಬಗೆಯಲ್ಲಿ ಹೇಳಬೇಕು, ಗಾಜಿನಾಚೆ ಕೂತ ನಿರ್ದೇಶಕರು ‘ಮುಂದಿನದು’ ಅನ್ನುತ್ತಾರೆ. ‘ಅಗೋ ಅಲ್ಲಿದ್ದಾನೆ’, ‘ಗುಂಡು ಮುಗೀತು’ ಎಂಬಂಥ ಚೂರುಮಾತುಗಳಿಗೆ ಆ ವೃತ್ತಿಯಲ್ಲಿ ‘ಬಾರ್ಕ್’ ಎನ್ನುತ್ತಾರೆ. ಆಡುವವನು ಗಂಟೆಗಟ್ಟಲೆ ಕೇಳಿದರೂ ತಲೆ ಚಿಟ್ಟು ಹಿಡಿಯದಂತೆ ಆ ಒಂದೊಂದು ಮಾತೂ ಹಲವು ಬಗೆಯಲ್ಲಿ ತಯಾರಿರಬೇಕು.

ಎಲ್ಲಕ್ಕಿಂತ ಕಷ್ಟದ್ದು ‘ಎಫರ್ಟ್ಸ್’ ಎಂದು ಕರೆಯುವ ಭಾಗ, ಮಾತೇ ಇಲ್ಲದ ದನಿಗಳು. ಗೋಡೆ ಹತ್ತುವಾಗಿನ ಏದುಸಿರು. ಹೊಟ್ಟೆಗೆ ಗುದ್ದು ಬಿದ್ದಾಗಿನ ನರಳು. ಕತ್ತಿ ನಾಟಿ ಸಾಯುವುದು, ನೀರಲ್ಲಿ ಮುಳುಗಿ ಸಾಯುವುದು, ಮೈಗೆ ಬೆಂಕಿ ಹತ್ತಿ ಸಾಯುವುದು, ಮೇಲಿಂದ ಬಿದ್ದು ಸಾಯುವುದು. ಬೀಳುವುದರಲ್ಲೂ ಸಣ್ಣ ಎತ್ತರದ ಕೂಗು ಬೇರೆ, ದೊಡ್ಡ ಎತ್ತರದ್ದು ಬೇರೆ. ಬೂತಿನೊಳಗೆ ಒಬ್ಬರೇ ನಿಂತು ಒಂದಾದ ಮೇಲೊಂದರಂತೆ ಸಾಯುತ್ತಾ ಹೋಗಬೇಕು. ಬಲ್ಲ ನಿರ್ದೇಶಕರು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಆಮೇಲೆ ಆ ಗಂಟಲು ಬೇರೆ ಯಾವುದಕ್ಕೂ ಒದಗುವುದಿಲ್ಲ. ಬಿಸಿನೀರಿನ ಜೊತೆ ಹಸಿರು ಸೇಬಿನ ಹೋಳು ಇಟ್ಟುಕೊಳ್ಳುವ ರೂಢಿಯೂ ಇದೆ. ಬಾಯಿ ಒಣಗಿದಾಗ ನಾಲಿಗೆ ಮಾಡುವ ಚಟ್ ಎಂಬ ಸಣ್ಣ ಸದ್ದನ್ನೂ ಮೈಕು ಬಿಡುವುದಿಲ್ಲ, ಸೇಬಿನ ಹುಳಿ ಅದನ್ನು ತಗ್ಗಿಸುತ್ತದೆ. ಆದರೆ ಚೀರಾಟದಿಂದ ಆಗುವ ಗಾಯಕ್ಕೆ ಸೇಬು ಮದ್ದಲ್ಲ. ಧ್ವನಿತಂತುಗಳಲ್ಲಿ ಗಂಟಾಗಿ ಶಸ್ತ್ರಚಿಕಿತ್ಸೆಗೆ ಹೋದವರಿದ್ದಾರೆ, ತಿಂಗಳುಗಟ್ಟಲೆ ಕೆಲಸ ಕಳೆದುಕೊಂಡವರಿದ್ದಾರೆ. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಕಲಾವಿದರ ‘ಸ್ಯಾಗ್-ಆಫ್ಟ್ರಾ’ ಸಂಘ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದಾಗ ಈ ಗಂಟಲಿನ ವಿಷಯವೂ ಬೇಡಿಕೆಗಳಲ್ಲಿ ಒಂದಾಗಿತ್ತು. ಹನ್ನೊಂದು ತಿಂಗಳ ಬಳಿಕ ಹೆಚ್ಚುವರಿ ಹಣ ಸ್ವಲ್ಪ ಸಿಕ್ಕಿತು. ಮಾರಾಟದಲ್ಲಿ ಪಾಲು ಸಿಗಲಿಲ್ಲ.

ಇಷ್ಟು ಮೈಮುರಿದು ದುಡಿಯುವವರ ಹೆಸರನ್ನು ಹೇಳದಿರುವ ರೂಢಿ ಹಳೆಯದು. 1937ರ ಡಿಸ್ನಿಯ ‘ಸ್ನೋ ವೈಟ್’ ಚಿತ್ರದಲ್ಲಿ ರಾಜಕುಮಾರಿಯ ಮಾತು, ಹಾಡು ಎರಡೂ ಏಡ್ರಿಯಾನಾ ಕ್ಯಾಸೆಲೊಟ್ಟಿ ಎಂಬ ಯುವತಿಯದು. ಸಂಭಾವನೆ 970 ಡಾಲರ್. ತೆರೆಯ ಮೇಲೆ ಆಕೆಯ ಹೆಸರಿರಲಿಲ್ಲ.

ಇದನ್ನು ಮುರಿದವರು ಮೆಲ್ ಬ್ಲಾಂಕ್. ಬಗ್ಸ್ ಬನ್ನಿ, ಡ್ಯಾಫಿ ಡಕ್, ಪೋರ್ಕಿ ಪಿಗ್, ಎಲ್ಲ ಒಂದೇ ಗಂಟಲಿನಿಂದ ಹೊರಟವರು. ಸಂಬಳ ಹೆಚ್ಚಿಸಿ ಎಂದು ನಿರ್ಮಾಪಕ ಲಿಯಾನ್ ಶ್ಲೆಸಿಂಗರ್ ಬಳಿ ಕೇಳಿದರಂತೆ, ಆತ ಒಪ್ಪಲಿಲ್ಲ. ಹಾಗಾದರೆ ಹೆಸರನ್ನಾದರೂ ಹಾಕಿ ಅಂದರು. ಖರ್ಚಿಲ್ಲದ ಬೇಡಿಕೆಯಾದ್ದರಿಂದ ಶ್ಲೆಸಿಂಗರ್ ತಕರಾರು ಮಾಡಲಿಲ್ಲ. ಆ ಒಂದು ಸಾಲು ಅವರ ಬದುಕನ್ನೇ ಬದಲಿಸಿತು. ರೇಡಿಯೊದವರು ಹುಡುಕಿಕೊಂಡು ಬಂದರು, 1946ರಲ್ಲಿ ಅವರ ಹೆಸರಿನದೇ ಒಂದು ಕಾರ್ಯಕ್ರಮ ಶುರುವಾಯಿತು. 1961ರಲ್ಲಿ ಕಾರು ಅಪಘಾತವಾಗಿ ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದಾಗ, ವೈದ್ಯರು ಅವರನ್ನು ಬಗ್ಸ್ ಬನ್ನಿ ಎಂದು ಕರೆದು ಮಾತಾಡಿಸಿದರಂತೆ, ಉತ್ತರ ಬಂದದ್ದು ಬಗ್ಸ್ ದನಿಯಲ್ಲಿ. ನನ್ನನ್ನು ಹೆಚ್ಚು ಕಾಡುವುದು ಆ ಕಥೆಯ ಮುಂದಿನ ಭಾಗ. ಮೈತುಂಬ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮನುಷ್ಯನನ್ನು ಸ್ಟುಡಿಯೊದವರು ಕೈಬಿಡಲಿಲ್ಲ. ಹಾಸಿಗೆಯ ಪಕ್ಕಕ್ಕೇ ಮೈಕು ತಂದು ‘ದಿ ಫ್ಲಿಂಟ್‌ಸ್ಟೋನ್ಸ್’ನ ಬಾರ್ನಿ ಪಾತ್ರವನ್ನು ಧ್ವನಿಮುದ್ರಿಸಿಕೊಂಡರು. ಹೆಸರಿಲ್ಲದ ಕಲಾವಿದನಿಗಾಗಿ ಯಾರೂ ಹಾಗೆ ಮೈಕು ಹೊತ್ತು ತರುತ್ತಿರಲಿಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಆದರೆ ಅದೇ ಚಿತ್ರಗಳಲ್ಲಿ ಎಲ್ಮರ್ ಫಡ್ ಎಂಬ ಬೇಟೆಗಾರನಿಗೆ 1959ರಲ್ಲಿ ತೀರಿಕೊಳ್ಳುವವರೆಗೂ ದನಿ ಕೊಟ್ಟವರು ಆರ್ಥರ್ ಕ್ಯೂ. ಬ್ರಯಾನ್. ಬ್ಲಾಂಕ್ ಅವರ ಕರಾರಿನ ಪ್ರಕಾರ ಹೆಸರು ಬರುತ್ತಿದ್ದುದು ಬ್ಲಾಂಕ್ ಅವರದು ಮಾತ್ರ. ಎಲ್ಮರ್ ದನಿಯೂ ಬ್ಲಾಂಕ್‌ರದೇ ಎಂದುಕೊಂಡು ಬೆಳೆದವರು ಬಹಳ. ಒಬ್ಬರು ಗೆದ್ದ ಹಕ್ಕು ಎಲ್ಲರದೂ ಆಗಬೇಕಾದರೆ ಅದನ್ನು ಎಲ್ಲರೂ ಸೇರಿ ಕೇಳಬೇಕಾಗುತ್ತದೆ.

ಈಗ ಕೇಳಬೇಕಾದ ಕಾಲ ಮತ್ತೆ ಬಂದಿದೆ, ಮತ್ತು ಈ ಸಲದ ಪ್ರಶ್ನೆ ಹಣಕ್ಕಿಂತ ದೊಡ್ಡದು. ಕೃತಕ ಬುದ್ಧಿಮತ್ತೆಗೆ ಒಬ್ಬರ ದನಿಯ ಕೆಲವು ನಿಮಿಷಗಳ ಮಾದರಿ ಸಾಕು, ಅವರು ಎಂದೂ ಆಡದ ಮಾತನ್ನು ಅವರ ದನಿಯಲ್ಲೇ ಆಡಿಸುತ್ತದೆ. ಸಾವಿರಾರು ಚೂರುಮಾತು ಬೇಕಿರುವ ಗೇಮ್ ಉದ್ಯಮಕ್ಕೆ ಇದಕ್ಕಿಂತ ದೊಡ್ಡ ಆಸೆ ಬೇರೆ ಯಾವುದಿದೆ? 2024ರ ಜುಲೈನಲ್ಲಿ ಅಮೆರಿಕದ ಕಲಾವಿದರು ಗೇಮ್ ಕಂಪನಿಗಳ ವಿರುದ್ಧ ಎರಡನೇ ಸಲ ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ. ಸುಮಾರು ಒಂದು ವರ್ಷ ಹಿಡಿಯಿತು. 2025ರ ಜುಲೈನಲ್ಲಿ ಶೇ 95ರಷ್ಟು ಮತಗಳಿಂದ ಒಪ್ಪಿತವಾದ ಕರಾರಿನಲ್ಲಿ ಸಂಬಳ ಶೇ 15ಕ್ಕಿಂತ ಹೆಚ್ಚು ಏರಿತು. ಅದಕ್ಕಿಂತ ಮುಖ್ಯವಾದದ್ದು, ಕಲಾವಿದರ ದನಿಯ ನಕಲು ತಯಾರಿಸಲು ಅವರ ಒಪ್ಪಿಗೆ ಬೇಕು, ಅದನ್ನು ಯಾವುದಕ್ಕೆ ಬಳಸುತ್ತೇವೆಂದು ತಿಳಿಸಬೇಕು, ಮುಷ್ಕರ ನಡೆಯುವಾಗ ಆ ಒಪ್ಪಿಗೆಯನ್ನು ಅವರು ತಡೆಹಿಡಿಯಬಹುದು ಎಂಬ ಷರತ್ತುಗಳು. ಕಲಾವಿದರು ಹೊರಗೆ ಫಲಕ ಹಿಡಿದು ನಿಂತಿರುವಾಗ ಅವರದೇ ದನಿ ಒಳಗೆ ದುಡಿಯುತ್ತಿರಬಾರದಲ್ಲ, ಅದಕ್ಕಾಗಿ.

ನಮ್ಮ ದೇಶದಲ್ಲಿ? 2024ರಲ್ಲಿ ಬಾಂಬೆ ಹೈಕೋರ್ಟ್ ಗಾಯಕ ಅರಿಜಿತ್ ಸಿಂಗ್ ಅವರ ಪರವಾಗಿ ಮಧ್ಯಂತರ ಆದೇಶ ನೀಡಿ, ಒಪ್ಪಿಗೆಯಿಲ್ಲದೆ ಎಐ ಮೂಲಕ ಅವರ ದನಿಯನ್ನು ನಕಲು ಮಾಡುವುದು ಅವರ ವ್ಯಕ್ತಿತ್ವದ ಹಕ್ಕಿಗೆ ಧಕ್ಕೆ ಎಂದಿತು. ಒಳ್ಳೆಯ ಆದೇಶ. ಆದರೆ ಅದು ನಿಂತಿರುವುದು ಅವರ ಪ್ರಸಿದ್ಧಿಯ ಮೇಲೆ. ಕೇಳಿದ ಕೂಡಲೇ ಇದು ಇಂಥವರ ದನಿ ಎಂದು ಜನ ಗುರುತಿಸುತ್ತಾರೆ, ಆದ್ದರಿಂದ ಅದು ಅವರದು. ನಮ್ಮ ಮಕ್ಕಳು ದಿನಾ ಸಂಜೆ ಕೇಳುವ ಕಾರ್ಟೂನ್ ಇಲಿಯ ದನಿಯನ್ನು ಇಡೀ ರಾಜ್ಯವೇ ಗುರುತಿಸಬಹುದು, ಆದರೆ ಗುರುತಿಸುವುದು ಇಲಿಯನ್ನು. ಅದರ ಹಿಂದಿನ ಹೆಣ್ಣುಮಗಳು ಕೋರ್ಟಿಗೆ ಹೋದರೆ ಮೊದಲು ‘ಆ ಇಲಿ ನಾನೇ’ ಎಂದು ಸಾಬೀತುಪಡಿಸಬೇಕು.

ಕಾನೂನಿನ ಇನ್ನೊಂದು ಕಲಮನ್ನೂ ನೋಡಬೇಕು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಪ್ರದರ್ಶನ ನೀಡಿದವರಿಗೆ ಇದು ತನ್ನದೆಂದು ಹೇಳಿಸಿಕೊಳ್ಳುವ ಹಕ್ಕು ಕೊಟ್ಟಿತು. ಅದೇ ತಿದ್ದುಪಡಿ ಇನ್ನೊಂದು ಮಾತನ್ನೂ ಸೇರಿಸಿತು. ಸಿನಿಮಾದಲ್ಲಿ ಯಾರ ಪಾತ್ರ ಪ್ರಾಸಂಗಿಕವಾಗಿದ್ದು, ಉದ್ಯಮದ ವಾಡಿಕೆಯಂತೆ ಅವರ ಹೆಸರು ಎಲ್ಲೂ ಬರುವುದಿಲ್ಲವೋ, ಅವರನ್ನು ಆ ಹಕ್ಕುಗಳ ಬಹುಪಾಲಿನ ಮಟ್ಟಿಗೆ ಪ್ರದರ್ಶಕರೆಂದೇ ಎಣಿಸಬೇಕಿಲ್ಲ. ನಾಯಕಿಗೆ ದನಿ ಕೊಟ್ಟವರಿಗೆ ಇದು ತಟ್ಟಲಿಕ್ಕಿಲ್ಲ. ಒಂದೇ ಮಧ್ಯಾಹ್ನದಲ್ಲಿ ಕಾವಲುಗಾರ, ತರಕಾರಿಯವಳು, ಮಾತಾಡುವ ಮರ, ನಾಲ್ಕು ಕಪ್ಪೆ, ಇಷ್ಟಕ್ಕೂ ದನಿ ಕೊಟ್ಟು ಬಸ್ಸು ಹತ್ತುವವರಿಗೆ ಖಂಡಿತ ತಟ್ಟಬಹುದು. ಹೆಸರು ಹಾಕದಿರುವುದೇ ವಾಡಿಕೆಯಾದ ಕಡೆ, ಆ ವಾಡಿಕೆಯೇ ಹಕ್ಕು ನಿರಾಕರಿಸಲು ಆಧಾರವಾಗುತ್ತದೆ. ಹೆಸರು ಹಾಕುವುದು ಸೌಜನ್ಯದ ವಿಷಯ ಎಂದು ವಾದಿಸುವವರಿಗೆ ನನ್ನ ಉತ್ತರ ಇದೇ. ಹಕ್ಕಿನ ಬೇರು ಅಲ್ಲಿದೆ.

ಕನ್ನಡದಲ್ಲಿ ಈ ವೃತ್ತಿ ಅಗಲವಾಗುತ್ತಿರುವುದು ಈಚೆಗೆ. ನಮ್ಮವರ ಕೆಲಸ ಹೋದೀತೆಂಬ ಅಂಜಿಕೆಯಿಂದ ದಶಕಗಳ ಕಾಲ ಚಿತ್ರರಂಗ ಡಬ್ಬಿಂಗ್ ಬೇಡವೆಂದಿತ್ತು. ಕಂಠದಾನ ಕಲಾವಿದರಿಗೆ ಇದ್ದದ್ದು ಕನ್ನಡ ಬಾರದ ನಾಯಕಿಯರ ಮಾತು, ಜಾಹೀರಾತು, ಅಷ್ಟೇ. 2009ರಲ್ಲಿ ಚಿಂಟು ಟಿ.ವಿ. ಬಂದು ಕಾರ್ಟೂನುಗಳು ಕನ್ನಡ ಮಾತಾಡಿದವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯ ವಿರುದ್ಧ ತೀರ್ಪು ಕೊಟ್ಟಿತು. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಂತು, ಕನ್ನಡವೂ ಅದರಲ್ಲೊಂದು. ಭಾರತೀಯ ಸ್ಪೈಡರ್‌ಮ್ಯಾನ್ ಪವಿತ್ರ ಪ್ರಭಾಕರನಿಗೆ ಹಿಂದಿ, ಪಂಜಾಬಿಯಲ್ಲಿ ಕ್ರಿಕೆಟಿಗ ಶುಭಮನ್ ಗಿಲ್ ದನಿ ಕೊಟ್ಟದ್ದು ಎಲ್ಲ ಪತ್ರಿಕೆಗಳಲ್ಲೂ ಸುದ್ದಿ. ಕನ್ನಡದ ಪವಿತ್ರನ ದನಿ ಯಾರದೆಂದು ಈ ಅಂಕಣ ಓದುವ ಎಷ್ಟು ಮಂದಿ ಹೇಳಬಲ್ಲರು?

ಆ ಕೆಲಸವೇನು ಸುಲಭದ್ದಲ್ಲ. ಪರದೆಯ ಮೇಲಿನ ತುಟಿ ಮುಚ್ಚಿದ ಕಡೆ ಕನ್ನಡದಲ್ಲೂ ಪ, ಬ, ಮ ಬೀಳಬೇಕು, ಇಲ್ಲದಿದ್ದರೆ ಮಾತು ಬಾಯಿಗೆ ಅಂಟುವುದಿಲ್ಲ. ಬರೆದದ್ದು ಕೂರದಿದ್ದಾಗ ನಿಂತ ನಿಲುವಿನಲ್ಲೇ ಬೇರೆ ಮಾತು ಹೊಂದಿಸುವವರು ಕಲಾವಿದರೇ. ನನಗೆ ಪರಿಚಯವಿರುವ ಕಲಾವಿದೆಯೊಬ್ಬರು ಮಕ್ಕಳ ಸರಣಿಯೊಂದಕ್ಕೆ ಸಹಿ ಹಾಕಿದ ಕಾಗದ ತೋರಿಸಿದರು. ‘ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಸರ್ವಕಾಲಕ್ಕೂ’ ದನಿಯ ಹಕ್ಕು ಬರೆದುಕೊಟ್ಟಿದ್ದರು. ಹೆಸರು ಹಾಕುವ ಬಗ್ಗೆ ಒಂದಕ್ಷರ ಇರಲಿಲ್ಲ. ‘ಕೇಳಿದ್ರೆ ಮುಂದಿನ ಸಲ ಕರೆಯಲ್ಲ ಸಾರ್’ ಅಂದರು.

ಒಬ್ಬೊಬ್ಬರೇ ಕೇಳಿದರೆ ಹಾಗೇ ಆಗುವುದು. ಅದಕ್ಕೇ ಕೇಳುವ ಕೆಲಸವನ್ನು ಸರ್ಕಾರ ತನ್ನ ಮೇಲೆ ಹಾಕಿಕೊಳ್ಳಲಿ ಎನ್ನುತ್ತೇನೆ. ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ರೂಪಿಸುವುದರಲ್ಲಿ ಕರ್ನಾಟಕ ದೇಶಕ್ಕೇ ಮುಂದು, 2012ರಲ್ಲೇ ಶುರು ಮಾಡಿತು. ಕನ್ನಡ ಚಿತ್ರಗಳಿಗೆ ಸಹಾಯಧನವನ್ನೂ ಕೊಡುತ್ತಿದೆ. ಈ ಹಣ ಕೇಳಿ ಬರುವ ಪ್ರತಿ ಅರ್ಜಿಯ ಜೊತೆ ಎರಡು ಹಾಳೆ ಹೆಚ್ಚಿಗೆ ಕೇಳಲಿ. ಮೊದಲನೆಯದು, ಯಾವ ಪಾತ್ರಕ್ಕೆ ಯಾರ ದನಿ ಎಂಬ ಪಟ್ಟಿ, ಕಪ್ಪೆ ಮರಗಳನ್ನೂ ಸೇರಿಸಿ, ತೆರೆಯ ಮೇಲೆ ಬರುವ ರೂಪದಲ್ಲೇ. ಎರಡನೆಯದು, ದನಿಯನ್ನು ಎಐ ನಕಲಿಗೆ ಬಳಸುತ್ತೀರೋ ಇಲ್ಲವೋ, ಬಳಸುವುದಾದರೆ ಎಷ್ಟು ಕಾಲಕ್ಕೆ, ಎಷ್ಟು ಹಣಕ್ಕೆ ಎಂದು ಕಲಾವಿದರು ಓದಿ ಸಹಿ ಹಾಕಿದ ಕನ್ನಡದ ಒಪ್ಪಿಗೆಪತ್ರ. ಎರಡೂ ಇಲ್ಲದ ಅರ್ಜಿಯನ್ನು ವಾಪಸ್ ಕಳಿಸಲಿ.