ಹೆಬ್ಬೆಟ್ಟಿನ ಬೀಗ ಬ್ಯಾಂಕೇ ಹಾಕಲಿ



2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಸೈಬರ್ ದಾಳಿಗೆ ಸಿಕ್ಕಿ ರಾಜ್ಯದ ಆಸ್ತಿ ನೋಂದಣಿ ಕೆಲಸ ನಿಂತಾಗ ಸರ್ಕಾರ ಗಡಬಡಿಸಿ ಎದ್ದಿತು. ಮುದ್ರಾಂಕ ಶುಲ್ಕ ಖೋತಾ ಆದರೆ ಯಾರಿಗೆ ನಿದ್ದೆ ಬರುತ್ತದೆ? ಕೆಲಸ ನಡೆಯುತ್ತಲೇ ಒಳಗೊಳಗೇ ಸೋರುವ ಜಾಲದ ಬಗ್ಗೆ ಮಾತ್ರ ಈ ಆತುರ ಕಾಣುವುದಿಲ್ಲ, ಅದೇ ನನ್ನ ತಕರಾರು.

2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಒಟಿಪಿ ಇಲ್ಲದೆಯೇ ಹಣ ಹೋಯಿತು. ಕಳ್ಳರು ಬ್ಯಾಂಕಿನ ಸರ್ವರ್ ಮುರಿಯಬೇಕಾಗಿರಲಿಲ್ಲ. ಆಧಾರ್ ಸಂಖ್ಯೆ, ಹೆಬ್ಬೆಟ್ಟಿನ ಗುರುತು ಎರಡೂ ಕ್ರಯಪತ್ರದ ಪ್ರತಿಯಲ್ಲೇ ಸಿಗುತ್ತಿದ್ದವು. ಅಚ್ಚು ತೆಗೆದು ಆಧಾರ್ ಆಧಾರಿತ ಪಾವತಿಯ (ಎಇಪಿಎಸ್) ಯಂತ್ರಕ್ಕೆ ಒತ್ತಿದರೆ ಸಾಕಿತ್ತು. ಆಮೇಲೆ ನೋಂದಣಿ ಇಲಾಖೆ ಬೆರಳಚ್ಚನ್ನು ಮರೆಮಾಡಿತು, ಸರಿ. ಅಷ್ಟರೊಳಗೆ ಕೈಯಿಂದ ಕೈಗೆ ಹೋದ ಪ್ರತಿಗಳನ್ನು ವಾಪಸ್ ತರುವವರು ಯಾರು? ಪಾಸ್‌ವರ್ಡ್ ಆದರೆ ಬದಲಾಯಿಸಬಹುದಿತ್ತು.

ನಮ್ಮ ತುರುವೇಕೆರೆ, ತಿಪಟೂರು ಕಡೆ ಬೆಂಬಲ ಬೆಲೆಗೆ ಕೊಬ್ಬರಿ ಮಾರುವ ನೋಂದಣಿ, ಪಿಂಚಣಿ, ರೇಷನ್ ಎಲ್ಲದಕ್ಕೂ ಆಧಾರ್ ಬೇಕು, ಬಹುಪಾಲು ಕಡೆ ಹೆಬ್ಬೆಟ್ಟೂ ಬೇಕು. ಕಾಯಿ ಸುಲಿದು ಸವೆದ ಬೆರಳನ್ನು ಯಂತ್ರ ಒಂದೇ ಸಲಕ್ಕೆ ಹಿಡಿಯುವುದಿಲ್ಲ. "ಇನ್ನೊಂದ್ಸಲ ಒತ್ತಿ ಅಜ್ಜಿ" ಅಂತಾರೆ, ಅಜ್ಜಿ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತುತ್ತಾಳೆ. ಯಾವ ಸಲ ರೇಷನ್ನಿಗೆ, ಯಾವ ಸಲ ದುಡ್ಡಿಗೆ ಎಂದು ಅವಳಿಗೆ ತಿಳಿಯುವುದು ಹೇಗೆ? ನಾನು ಹೋಗುವ ಒಂದು ಸೇವಾ ಕೇಂದ್ರದಲ್ಲಿ ಯೂಸರ್ ಐಡಿ, ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಅಂಚಿಗೇ ಅಂಟಿದೆ. ಆಪರೇಟರ್ ಊಟಕ್ಕೆ ಹೋದರೆ ಪಕ್ಕದ ಜೆರಾಕ್ಸ್ ಅಂಗಡಿ ಹುಡುಗ ಅದೇ ಲಾಗಿನ್‌ನಲ್ಲಿ ಕೆಲಸ ಮುಂದುವರಿಸುತ್ತಾನೆ. ಪಾಪ, ಸಾಲು ಕರಗಲೆಂದು. ನಾಳೆ ಏನಾದರೂ ಆದರೆ ಮಾಡಿದವರು ಯಾರೆಂದು ಕಂಪ್ಯೂಟರ್ ಹೇಳುವುದಿಲ್ಲ.

"ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ" ಎಂಬ ಸಲಹೆ ಪೇಟೆಯವರಿಗೆ ಒಪ್ಪುತ್ತದೆ. ಇಲ್ಲಿ ಲಾಕ್ ಮಾಡಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ನಡೆಯದು. ಪ್ರತಿ ತಿಂಗಳು ಆ್ಯಪ್‌ನಲ್ಲಿ ಲಾಕ್ ತೆಗೆದು ಮತ್ತೆ ಹಾಕಲು ಬಟನ್ ಫೋನ್ ಇರುವವರಿಂದ ಆಗುತ್ತದೆಯೇ?

ಆದ್ದರಿಂದ ಎಇಪಿಎಸ್ ಸೌಲಭ್ಯ ಮೊದಲಿನಿಂದಲೇ ಬಂದ್ ಆಗಿರಲಿ. ಬೇಕೆಂದು ಕೇಳಿ ಬರೆದುಕೊಟ್ಟವರಿಗೆ ಮಾತ್ರ, ಅವರೇ ಹೇಳಿದ ಮಿತಿಯೊಳಗೆ, ಬ್ಯಾಂಕು ತೆರೆದುಕೊಡಲಿ. ಸೇವಾ ಕೇಂದ್ರಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕಡ್ಡಾಯವಾಗಲಿ, ತಾಲ್ಲೂಕು ಆಡಳಿತ ಹೇಳದೆ ಕೇಳದೆ ಬಂದು ತಪಾಸಣೆ ಮಾಡಲಿ. ಮೊದಲೇ ತಡೆಯಬೇಕು, ಏಕೆಂದರೆ 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಿಂದ 11 ಕೋಟಿಗೂ ಹೆಚ್ಚು ಹಣ ಹೋದಾಗ ಸಿಐಡಿ ತನಿಖೆಗೆ ಇಳಿಯಿತು; ಅಜ್ಜಿಯ ಖಾತೆಯ ಎರಡು ಸಾವಿರಕ್ಕೆ ಸಿಐಡಿ ಬರುವುದಿಲ್ಲ.

- ಒಬ್ಬ ತೆಂಗು ಬೆಳೆಗಾರ, ಸಂಪಿಗೆ, ತುರುವೇಕೆರೆ ತಾಲ್ಲೂಕು